ಅಳತೆಗೆ ಒಯ್ದ ನಳ

೧೯೭೨ರ ಮೇ ತಿಂಗಳ ಒಂದು ಮಧ್ಯಾಹ್ನ ಪರೇಲಿನ ನಮ್ಮ ಚಾಳಿನ ಅಂಗಳದ ನಳ ಕಾಣೆಯಾಯಿತು. ಒಯ್ದವಳು ನಮ್ಮ ಅತ್ತೆ.

ನಮ್ಮ ಅತ್ತೆ ಕಳ್ಳಿಯಲ್ಲ. ಕಳ್ಳರು ಒಯ್ದದ್ದನ್ನು ಮಾರುತ್ತಾರೆ. ಇವಳು ಎರಡು ಗಂಟೆಯಲ್ಲಿ ವಾಪಸು ತಂದಳು, ಜೊತೆಗೆ ಒಂದು ಹಿತ್ತಾಳೆಯ ತುಂಡನ್ನೂ ತಂದಳು. ನಡುವೆ ನಡೆದದ್ದನ್ನು ಕ್ರಮವಾಗಿ ಹೇಳಬೇಕು.

ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ವಿಜಾಪುರ ಕಡೆಯವಳು. ಗಂಡ ಗಿರಣಿಯಲ್ಲಿದ್ದು ತೀರಿಕೊಂಡ ಮೇಲೆ ಚಾಳಿನ ಕೆಳ ಅಂತಸ್ತಿನ ಒಂದು ಕೋಣೆಯಲ್ಲಿ ನನ್ನನ್ನು ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದಳು. ನಾನು ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿ. ಅವಳ ತಲೆಯ ಮೇಲಿನ ಕೋಣೆಯಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ ಇದ್ದರು. ಆ ಹೆಂಗಸು ಒಣಹಾಕಿದ ಸೀರೆಯ ನೀರು ಅತ್ತೆಯ ಸಂಡಿಗೆಯ ಮೇಲೆ ತೊಟ್ಟಿಕ್ಕಿ, ಸಾಯುವತನಕ ಅವಳ ಜೋಡಿ ಮಾತಾಡುವುದಿಲ್ಲ ಎಂದು ಅತ್ತೆ ಆಣೆ ಹಾಕಿ ಮೂರು ವರ್ಷವಾಗಿತ್ತು. ಆ ಆಣೆಯನ್ನು ಅತ್ತೆ ದೇವರ ದೀಪದಷ್ಟೇ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದಳು.

ಈಗ ಆ ಹೆಂಗಸಿಗೆ ಆರು ತಿಂಗಳು. ಹಿಂದೆ ಎರಡು ಸಲ ಹೋಗಿತ್ತು. ಬಕೆಟ್ ಎತ್ತಿ ಮೆಟ್ಟಿಲು ಹತ್ತಿದರೆ ಇದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನೀರು ಬರುವುದು ಬೆಳಿಗ್ಗೆ ಐದರಿಂದ ಆರೂವರೆ. ಗಂಡ ನಾಲ್ಕಕ್ಕೇ ಹೋಟೆಲಿನ ಅಡುಗೆಮನೆಗೆ ಹೋಗುವವನು. ಹೀಗಾಗಿ ಅವಳು ಗ್ಯಾಲರಿಯಿಂದ ರಬ್ಬರ್ ಪೈಪು ಇಳಿಬಿಟ್ಟು, ಅದನ್ನು ಯಾರಾದರೂ ನಳಕ್ಕೆ ಸಿಕ್ಕಿಸಿದರೆ, ಮೇಲೆ ಡ್ರಮ್ಮು ತುಂಬಿಸಿಕೊಳ್ಳುತ್ತಿದ್ದಳು.

ಆ ತಿಂಗಳು ಮಾಲಕನ ಮ್ಯಾನೇಜರ್ ಹೊಸ ನಳ ಕೂರಿಸಿದ. ಅದರ ಬಾಯಿ ದಪ್ಪ, ಹೊರಗೆಲ್ಲ ಥ್ರೆಡ್ಡಿನ ಸುತ್ತು. ಪೈಪು ಅದರ ಮೇಲೆ ಕೂರಲೊಲ್ಲದು. 'ಪೈಪ್ ಬಂದ್. ಸಬ್ ಬಾಲ್ಟಿ ಸೇ ಭರೋ' ಎಂದ ಮ್ಯಾನೇಜರ್. ಇನ್ನು ಎಲ್ಲರೂ ಬಕೆಟ್ಟಿನಲ್ಲೇ ತುಂಬಬೇಕು.

ನಾನು ಅತ್ತೆಗೆ ಹೇಳಿದೆ, 'ನಾ ಬರೂದರಾಗ ನೀರು ಹೋಗಿರ್ತಾವ. ನೀನ ಎರಡು ಕೊಡ ಮ್ಯಾಲೆ ಕೊಟ್ಟು ಬಾ.'

'ನಾ ಅಕಿ ಹೊಸ್ತಲಾ ತುಳಿಯೂದಿಲ್ಲ' ಎಂದಳು ಅತ್ತೆ. 'ಪೈಪ್ ತುಳೀತದ.'

ಒಂದು ತುದಿ ನಳಕ್ಕೆ ತಿರುಗಿ ಕೂರಬೇಕು, ಇನ್ನೊಂದು ತುದಿಗೆ ಪೈಪು ಹಿಡಿಯಬೇಕು, ಅಂಥ ಅಡಾಪ್ಟರ್ ಬೇಕಿತ್ತು. ಅತ್ತೆ ನನ್ನ ಮೇಜಿನ ಸ್ಕೇಲು ಒಯ್ದು ನಳದ ಬಾಯಿ ಅಳೆದಳು. ಮುಕ್ಕಾಲು ಇಂಚಿಗೆ ಒಂದು ಗೆರೆ ಹೆಚ್ಚು. ಅಂಗಡಿಗೆ ಹೋಗಿ ಮುಕ್ಕಾಲಿಂಚಿನದು ತಂದಳು. ಅದು ನಳದ ಮೇಲೆ, ಮಗುವಿನ ತಲೆಯ ಮೇಲಿನ ಅಪ್ಪನ ಟೊಪ್ಪಿಗೆಯ ಹಾಗೆ ಕುಣಿಯಿತು!

ಮರುದಿನ ಅಂಗಡಿಯಲ್ಲಿ ವಾದ. ಸಾಕ್ಷಿಯಾಗಿ ನಾನಿದ್ದೆ.

'ಬಾಯೀ, ವೋ ಆಧಾ ಇಂಚ್ ಕಾ ನಲ್ ಹೈ' ಎಂದ ಅಂಗಡಿಯ ಶೇಟ್.

ಅತ್ತೆ ಸ್ಕೇಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಡಿದು ನನಗೆ ಹೇಳಿದಳು, 'ಕೇಳಂವಗ. ಅರ್ಧಾ ಇಂಚು ಇಷ್ಟುದ್ದ ಯಾವಾಗಿಂದ ಆತು?'

ಅರ್ಧ ಇಂಚು ಎಂಬುದು ಪೈಪಿನ ಒಳಗಿನ ತೂತಿನ ಲೆಕ್ಕದಿಂದ ಬಂದ ಹೆಸರು, ಹೊರಗಿನ ಥ್ರೆಡ್ಡನ್ನು ಅಳೆದರೆ ಯಾವತ್ತೂ ಹೆಚ್ಚೇ ಬರುತ್ತದೆ ಎಂದು ಶೇಟ್ ವಿವರಿಸಿದ. ನಾನು ಅನುವಾದಿಸಿದೆ.

'ಹೆಸರಿಗೂ ಮೈಗೂ ಸಂಬಂಧ ಇಲ್ಲಂದ್ರ ಸ್ಕೇಲ್ ಯಾಕ ಮಾಡ್ಯಾರ?'

ಶೇಟ್ ಎರಡು ಅರ್ಧ ಇಂಚಿನ ಅಡಾಪ್ಟರ್ ತೆಗೆದಿಟ್ಟು, ಒಂದರ ಸುತ್ತುಗಳು ಒತ್ತಾಗಿವೆ, ಇನ್ನೊಂದರ ಸುತ್ತುಗಳು ಬಿಡಿಯಾಗಿವೆ, ನಳದ ಸುತ್ತು ನೋಡದೆ ಕೊಡುವುದಿಲ್ಲ, ಕೊಟ್ಟರೆ ವಾಪಸು ತಗೊಳ್ಳುವುದಿಲ್ಲ ಎಂದ.

ಮೂರನೆಯ ದಿನ ಅತ್ತೆ ಹಿಟ್ಟು ನಾದಿ, ಉಂಡೆಯನ್ನು ನಳದ ಬಾಯಿಗೆ ಒತ್ತಿ, ಸುತ್ತುಗಳ ಅಚ್ಚು ತೆಗೆದಳು. ಯಾರಾದರೂ ಮೆಚ್ಚಬೇಕಾದ ಉಪಾಯ. ಗೋಧಿಹಿಟ್ಟಾಗಿದ್ದರೆ ನಿಲ್ಲುತ್ತಿತ್ತೋ ಏನೋ. ನಮ್ಮ ಮನೆಯಲ್ಲಿದ್ದದ್ದು ಜೋಳದ ಹಿಟ್ಟು. ಅಂಗಡಿ ಮುಟ್ಟುವಷ್ಟರಲ್ಲಿ ಅಚ್ಚು ಒಡೆದು ಅವಳ ಚೀಲದ ತಳದಲ್ಲಿ ಪುಡಿಯಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಮ್ಯಾನೇಜರ್ ನನ್ನ ನಿದ್ದೆ ಕೆಡಿಸಿದ. ನಳ ಹೋಗಿದೆ, ಪೊಲೀಸರನ್ನು ಕರೆಯುತ್ತೇನೆ ಎಂದು ಅಂಗಳದಲ್ಲಿ ಕೂಗುತ್ತಿದ್ದ. ಚಾಳೆಲ್ಲ ಸೇರಿತ್ತು. ಉಡುಪಿಯ ಹೆಂಗಸು ಮೇಲಿನ ಕಟಕಟೆ ಹಿಡಿದು ನಿಂತಿದ್ದಳು. ಆಗ ಅತ್ತೆ ಗೇಟಿನಲ್ಲಿ ಬಂದಳು. ಚೀಲದಿಂದ ನಳ ತೆಗೆದಳು. ನಳ ಬಿಚ್ಚಲು ನೆರೆಯವನಿಂದ ತಂದಿದ್ದ ಪಾನಾ ತೆಗೆದಳು. ಕೊನೆಗೆ ಅಡಾಪ್ಟರ್ ತೆಗೆದಳು.

'ಚೋರೀ ಕಿಯಾ?' ಎಂದ ಮ್ಯಾನೇಜರ್.

'ಚೋರೀ ನಹೀ, ಮಾಪ್' ಎಂದಳು ಅತ್ತೆ. ಕಳವಲ್ಲ, ಅಳತೆ; ಅಲ್ಲಿಗೆ ಅವಳ ಹಿಂದಿ ಮುಗಿಯಿತು. ಉಳಿದದ್ದು ಕನ್ನಡದಲ್ಲೇ ಬಂತು. 'ದರ್ಜಿ ಕಡೆ ಹೋಗೂವಾಗ ಅಳತಿ ಕುಪ್ಪಸ ಒಯ್ಯೂದಿಲ್ಲೇನು ನಿನ್ನ ಹೆಂಡತಿ? ಹಂಗ ಒಯ್ದೆ. ಮಧ್ಯಾಹ್ನ ನೀರಿಲ್ಲ, ನಿನ್ನ ನಳ ಏನು ಕೆಲಸಾ ಮಾಡ್ತಿತ್ತು ಇಲ್ಲಿ?'

ನಾನು ಅನುವಾದಿಸಿದೆ. ಹೆಂಡತಿಯನ್ನು ಬಿಟ್ಟು.

ಅತ್ತೆ ಕೂತು ನಳಕ್ಕೆ ಸೆಣಬು ಸುತ್ತಿ ಗೋಡೆಗೆ ಬಿಗಿದಳು. ಆಮೇಲೆ ಅಡಾಪ್ಟರನ್ನು ಬರಿಗೈಯಲ್ಲಿ ತಿರುಗಿಸಿದಳು. ಒಂದು, ಎರಡು, ಮೂರು, ನಾಲ್ಕು ಸುತ್ತು. ಎಲ್ಲೂ ತಡೆಯದೆ ಕೂತಿತು.

ಪೈಪಿಗೆ ಪರವಾನಗಿ ಇಲ್ಲ, ಮಾಲಕನಿಗೆ ಬರೆಯುತ್ತೇನೆ ಎಂದ ಮ್ಯಾನೇಜರ್.

'ಬರೀ. ನಮ್ಮ ಮನ್ಯಾಗೂ ಪೇಪರಿನಾಂವ ಅದಾನ. ಇವನೂ ಬರೀತಾನ.'

ಆ ಕಾಲಕ್ಕೆ ಪತ್ರಿಕೆಯಲ್ಲಿ ನಾನು ಬರೆಯುತ್ತಿದ್ದದ್ದು ಹವಾಮಾನದ ನಾಲ್ಕು ಸಾಲು. ಅದು ಮ್ಯಾನೇಜರನಿಗೆ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಸಾಧ್ಯವಾದಷ್ಟು ಸಂಪಾದಕೀಯವಾಗಿ ನಿಂತೆ. ಅವನು ಹೋದ. ಪತ್ರ ಬಂದ ದಾಖಲೆ ಇಲ್ಲ.

ಮರುದಿನದಿಂದ ಅತ್ತೆ ಐದಕ್ಕೆ ಮುಂಚೆಯೇ ಎದ್ದು, ಇಳಿದುಬಂದ ಪೈಪಿನ ತುದಿ ಹಿಡಿದು ಕೂರತೊಡಗಿದಳು. ನನ್ನ ವಾರದ ರಜೆಯ ಬೆಳಿಗ್ಗೆ ನೋಡಿದೆ: ನೀರು ಇನ್ನೂ ಬಂದಿರಲಿಲ್ಲ, ಅತ್ತೆ ಪೈಪಿಗೆ ಬಾಯಿ ಹಚ್ಚಿದ್ದಳು.

'ಗುಳಿಗಿ ತಗೊಂಡ್ಯೇನು?'

ಆಮೇಲೆ ಪೈಪನ್ನು ಕಿವಿಗೆ ಹಿಡಿದಳು. ಹತ್ತಿರ ನಿಂತಿದ್ದ ನನಗೂ ಕೇಳಿಸಿತು. 'ತಗೊಂಡೆ ಮಾರಾಯ್ರೆ. ನಿಮ್ಮ ಮೊಣಕಾಲು ಹೇಗುಂಟು?'

'ಅತ್ತಿ, ಮಾತಾಡೂದಿಲ್ಲಂತ ಆಣಿ ಹಾಕಿದ್ದಿ' ಎಂದೆ.

'ನಾ ಪೈಪಿನ ಜೋಡಿ ಮಾತಾಡೀನಿ. ಪೈಪಿನ ಜೋಡಿ ನಂದೇನು ಜಗಳ?'

ಆಗಸ್ಟಿನಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖ. ಅತ್ತೆ ನೋಡಲು ಮೇಲೆ ಹೋಗಲಿಲ್ಲ. ಮಗುವಿನ ಅಳುವನ್ನು ಪೈಪಿನಲ್ಲಿ ಕೇಳಿದಳು.

ಎರಡು ವರ್ಷದ ಹಿಂದೆ ಮಾಲಕ ಪ್ರತಿ ಮಾಳಿಗೆಗೂ ಬೇರೆ ನಳ ಹಾಕಿಸಿಕೊಟ್ಟ. ಮೇಲಿನ ಮನೆಯ ಡ್ರಮ್ಮು ಈಗ ಅಲ್ಲೇ ತುಂಬುತ್ತದೆ. ಇದನ್ನು ಬರೆಯುತ್ತಿರುವ ಹೊತ್ತಿನವರೆಗೂ, ದಿನಾ ಬೆಳಿಗ್ಗೆ ಐದಕ್ಕೆ ಹತ್ತು ನಿಮಿಷ ಇರುವಾಗ, ಗ್ಯಾಲರಿಯಿಂದ ಪೈಪು ಇಳಿದು ಬರುತ್ತದೆ, ಅತ್ತೆ ಅದರ ತುದಿ ಹಿಡಿದು ಕೂರುತ್ತಾಳೆ. ಅದನ್ನು ಯಾರೂ ನಳಕ್ಕೆ ಹಚ್ಚುವುದಿಲ್ಲ.