ಓಡಬಾರದ ಕಾರು

ಪ್ರತಿಯೊಂದು ಮನೆಯಲ್ಲೂ ಬಳಸಬಾರದ ವಸ್ತು ಅಂತ ಒಂದಾದರೂ ಇರುತ್ತದೆ. ನಮ್ಮ ಮನೆಯ ಅಟ್ಟದ ಮೇಲೆ ನನ್ನ ಹೆಂಡತಿ ರತ್ನಳ ತವರಿನಿಂದ ಬಂದ ಸ್ಟೀಲ್ ಪಾತ್ರೆಗಳಿವೆ. ಅವುಗಳೊಳಗೆ ಇದುವರೆಗೆ ಒಂದು ಹಿಡಿ ಅಕ್ಕಿಯೂ ಬಿದ್ದಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ತೊಳೆದು, ಒರೆಸಿ, ಮತ್ತೆ ಮೇಲಕ್ಕೇರಿಸುತ್ತಾಳೆ. ಬೀರುವಿನಲ್ಲಿ ನೆಂಟರಿಗೆಂದೇ ತಂದಿಟ್ಟ ರಗ್ಗಿದೆ. ನೆಂಟರು ಬಂದಾಗ ಅದು ಹಾಳಾದೀತೆಂದು ಅವರಿಗೆ ನಮ್ಮ ರಗ್ಗು ಕೊಟ್ಟು ನಾವು ಬೆಡ್‌ಶೀಟು ಹೊದ್ದು ಮಲಗುತ್ತೇವೆ. ಇದನ್ನೆಲ್ಲ ನೋಡಿ ನಾನು ಬಹಳ ವರ್ಷ ನಕ್ಕಿದ್ದೇನೆ. ಈಗ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದರೆ ಹುಣಸೂರಿನ ನಮ್ಮ ಮನೆಯ ಕಾಂಪೌಂಡಿಗೆ ಒಂದು ಬಿಳಿಯ ಅಂಬಾಸಿಡರ್ ಕಾರು ಬಂದು ನಿಂತಿತು, ಅದು ನನ್ನದೇ ಆಗಿತ್ತು, ಮತ್ತು ಅದಾದ ಮೇಲೂ ನಾನು ಬಸ್ಸಿನಲ್ಲೇ ಓಡಾಡುತ್ತಿದ್ದೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಅವಮಾನ ಎಷ್ಟು ದೊಡ್ಡದೆಂದು ನಿಮಗೆ ತಿಳಿಯುವುದಿಲ್ಲ. ಹೊಗೆಸೊಪ್ಪಿನ ಹರಾಜಿನಲ್ಲಿ ಒಂದು ಕಂಪನಿಯ ಪರವಾಗಿ ಬೇಲುಗಳನ್ನು, ಅಂದರೆ ಸೊಪ್ಪಿನ ಮೂಟೆಗಳನ್ನು, ನೋಡಿ ದರ್ಜೆ ಹೇಳುವವನು ನಾನು. ಮೇಲೆ ನಿಂಬೆಹಣ್ಣಿನ ಬಣ್ಣದ ಸೊಪ್ಪು ಜೋಡಿಸಿ ಒಳಗೆ ಕಪ್ಪು ಸೊಪ್ಪು ತುರುಕಿ ತರುವವರು ಇರುತ್ತಾರೆ. ನಾನು ಮೇಲಿನದನ್ನು ನೋಡುವುದೇ ಇಲ್ಲ. ಸೀದಾ ಬೇಲಿನ ನಡುವೆ ಕೈ ಹಾಕಿ ಒಳಗಿನದನ್ನು ಎಳೆದು ನೋಡುತ್ತೇನೆ. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ರೈತರು ನನ್ನನ್ನು ದೂರದಿಂದ ಕಂಡರೇ ‘ಬಂದ ನೋಡ್ಲಾ, ಒಳಗೆ ಕೈ ಹಾಕೋನು’ ಎನ್ನುತ್ತಾರೆ. ಅದನ್ನು ನಾನು ಬಿರುದೆಂದೇ ತಿಳಿದುಕೊಂಡಿದ್ದೆ.

ಒಂದು ಸಲ ಗಾವಡಗೆರೆ ಕಡೆಯ ನಂಜಪ್ಪನವರ ಸೊಪ್ಪು ನೋಡಲು ಹೋಗಿದ್ದೆ. ಮಳೆ ಬಂತೆಂದು ಅವರ ಶೆಡ್ಡಿನೊಳಗೆ ನಿಂತಾಗ ಟಾರ್ಪಾಲಿನ ಕೆಳಗಿನಿಂದ ಕಾರಿನ ಮೂತಿ ಕಾಣಿಸಿತು. ನಂಜಪ್ಪನವರು ಟಾರ್ಪಾಲು ಸರಿಸಿದರು. ಹೊಗೆಸೊಪ್ಪಿನ ಘಾಟಿಗೆ ಇಲಿ, ಗೆದ್ದಲು ಒಂದೂ ಹತ್ತಿರ ಸುಳಿದಿರಲಿಲ್ಲ. ಬಣ್ಣ ಒಂದು ಚೂರೂ ಮಾಸಿರಲಿಲ್ಲ.

“ನಮ್ಮಪ್ಪಾಜಿ ಕಾಲದ್ದು ಸಾರ್, ಭಾಳ ಜೋಪಾನ ಮಾಡೋರು,” ಎಂದರು ನಂಜಪ್ಪನವರು. “ಧರ್ಮಸ್ಥಳ, ತಿರುಪತಿ, ಸವದತ್ತಿ, ಎಲ್ಲಾನೂ ಇದ್ರಲ್ಲೇ ತಿರುಗಿದ್ದು ನಾವು. ಒಂದಿನ ಕೈ ಕೊಟ್ಟಿಲ್ಲ ಕಣ್ರೀ.”

ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಿಟಕಿಯೊಳಗೆ ತಲೆ ತೂರಿಸಿ ಮೀಟರಿನ ಗಾಜು ಒರೆಸಿ ಓದುತ್ತಿದ್ದೆ. ಒಂಬತ್ತು ಸಾವಿರದ ಮೇಲೆ ಚಿಲ್ಲರೆ ಕಿಲೋಮೀಟರು. ಕೊನೆಯ ಅಂಕಿ ಮೂರಕ್ಕೂ ನಾಲ್ಕಕ್ಕೂ ನಡುವೆ ಅರ್ಧ ತಿರುಗಿ ನಿಂತಿತ್ತು. “ಬರೀ ಒಂಬತ್ತು ಸಾವಿರ ಓಡಿದೆಯಾ?” ಎಂದೆ. ನಂಜಪ್ಪನವರು ನನ್ನ ಮುಖ ನೋಡಿದರು, ಮೀಟರು ನೋಡಿದರು. “ಊಂ, ಅಷ್ಟೇ ತೋರಿಸ್ತದೆ,” ಎಂದರು.

ಒಳ್ಳೆಯ ಸೊಪ್ಪು ಕಂಡಾಗ ಮುಖದಲ್ಲಿ ಸಂತೋಷ ತೋರಿಸಬಾರದೆಂಬುದು ನಮ್ಮ ಕಸುಬಿನ ನಿಯಮ. ನಾನು ತೋರಿಸಲಿಲ್ಲ. ಶೆಡ್ಡಿನ ಹಿಂದೆ ಹೋಗಿ ಮೈಸೂರಿನಲ್ಲಿರುವ ಬಾಮೈದ ಕುಮಾರನಿಗೆ ಫೋನು ಮಾಡಿದೆ. ಅವನು ಹಳೆಯ ಕಾರುಗಳ ವಿಡಿಯೋ ನೋಡುವುದರಲ್ಲಿ ಪರಿಣತ. “ಭಾವ, ಬಿಡಬೇಡಿ. ಅಷ್ಟು ಕಮ್ಮಿ ಓಡಿರೋ ಅಂಬಾಸಿಡರ್ ಈಗ ಎಲ್ಲಿ ಸಿಗುತ್ತೆ? ಇಲ್ಲಿ ಒಬ್ಬರು ಹಳೇ ಕಾರು ಕೂಡಿಡೋರಿದಾರೆ, ನಾನು ಕರ್ಕೊಂಡು ಬರ್ತೀನಿ. ಆದರೆ ಓಡಿಸಬೇಡಿ. ಒಂದೊಂದು ಕಿಲೋಮೀಟರಿಗೂ ಅದರ ಬೆಲೆ ಇಳಿಯುತ್ತೆ,” ಎಂದ. ನಾನು ನಂಜಪ್ಪನವರು ಕೇಳಿದ್ದಕ್ಕೆ ಚೌಕಾಸಿಯನ್ನೂ ಮಾಡದೆ ಒಪ್ಪಿಕೊಂಡೆ. ಪಾಪದ ಮನುಷ್ಯ, ತನ್ನ ಶೆಡ್ಡಿನಲ್ಲಿ ಏನಿದೆ ಎಂದು ತನಗೇ ಗೊತ್ತಿಲ್ಲ ಎಂದು ಒಳಗೊಳಗೇ ಮರುಗಿದೆ ಕೂಡ.

ಗಾವಡಗೆರೆಯಿಂದ ಹುಣಸೂರಿಗೆ ಕಾರು ಓಡಿಸಿಕೊಂಡು ಬಂದರೆ ಕಿಲೋಮೀಟರು ಖರ್ಚಾಗುತ್ತದಲ್ಲ. ಆದ್ದರಿಂದ ಬೇಲು ಸಾಗಿಸುವ ಲಾರಿ ತರಿಸಿ ಅದರ ಮೇಲೆ ಹತ್ತಿಸಿದೆ. ದಾರಿಯುದ್ದಕ್ಕೂ ಜನ “ಏನಣ್ಣ, ಕೆಟ್ಟೋಗದಾ?” ಎಂದು ಕೇಳಿದರು. “ಇಲ್ಲ, ಚೆನ್ನಾಗಿದೆ, ಅದಕ್ಕೇ,” ಎಂದೆ.

ಮುಂದಿನ ತೊಡಕು ಪೂಜೆಯದು. ನಮ್ಮ ಕಡೆ ಸೈಕಲ್ ಕೊಂಡರೂ ಮನೆದೇವರ ಮುಂದೆ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ ಮೇಲೆಯೇ ಅದು ನಮ್ಮದಾಗುವುದು. ನಮ್ಮ ಮನೆದೇವರು ನಂಜನಗೂಡಿನಲ್ಲಿದ್ದಾನೆ. ಹೋಗಿ ಬರುವ ಕಿಲೋಮೀಟರನ್ನು ಎರಡೆರಡು ಸಲ ಕೂಡಿ ನೋಡಿದೆ. ಯೋಚಿಸಿ ಯೋಚಿಸಿ, ಕಾರಿನ ಕೀ ಒಂದನ್ನೇ ಹಿಡಿದು ಬಸ್ಸು ಹತ್ತಿದೆ. ಅರ್ಚಕರು ಕೀಯನ್ನು ತಟ್ಟೆಯಲ್ಲಿಟ್ಟುಕೊಂಡು “ಗಾಡಿ ಎಲ್ಲಿ ನಿಲ್ಲಿಸಿದೀರಿ?” ಎಂದರು. “ಹುಣಸೂರಿನಲ್ಲಿ,” ಎಂದೆ. ಅವರು ಕೀಗೆ ಕುಂಕುಮ ಹಚ್ಚಿ, “ನಿಂಬೆಹಣ್ಣು ಹಾಗಾದರೆ ನೀವೇ ತಗೊಂಡು ಹೋಗಿ,” ಎಂದು ಕೈಗೆ ಕೊಟ್ಟರು. ಆ ಹಣ್ಣಿನ ಮೇಲೆ ಕಾರು ಹತ್ತಿಸಬೇಕಾದರೂ ಮುಂದಕ್ಕೆ ಚಲಿಸಲೇಬೇಕು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ರತ್ನ ಅದನ್ನು ಚಿತ್ರಾನ್ನಕ್ಕೆ ಹಿಂಡಿದಳು.

ಪ್ರತಿ ಭಾನುವಾರ ಎಂಜಿನ್ ಚಾಲೂ ಮಾಡಿ ಸೀಟಿನಲ್ಲಿ ಕೂತಿರುತ್ತಿದ್ದೆ. ನಾನು ಎಲ್ಲಿಗೋ ಹೊರಟೆನೆಂದು ಪಕ್ಕದ ಮನೆಯವರು ಗೇಟು ತೆಗೆಯಲು ಬರುತ್ತಿದ್ದರು. ನಾನು ಕೈ ಬೀಸಿ ಬೇಡ ಎನ್ನುತ್ತಿದ್ದೆ. ಟೈರು ಒಂದೇ ಕಡೆ ಊರಿ ನಿಂತರೆ ಚಪ್ಪಟೆಯಾಗುತ್ತದೆಂದು ಕುಮಾರ ಹೆದರಿಸಿದ್ದರಿಂದ, ನಾನೂ ರತ್ನಳೂ ಸೇರಿ ಕಾರನ್ನು ತುಳಸಿಕಟ್ಟೆಯವರೆಗೆ ಮುಂದಕ್ಕೆ ತಳ್ಳಿ, ಮತ್ತೆ ಗೋಡೆಯವರೆಗೆ ಹಿಂದಕ್ಕೆ ತಳ್ಳುತ್ತಿದ್ದೆವು. ತಳ್ಳಿದ್ದೂ ಓಡಿದ ಲೆಕ್ಕಕ್ಕೆ ಸೇರುತ್ತದೆಯೋ ಎಂಬ ಚಿಂತೆ ಹತ್ತಿ, ಪ್ರತಿ ಸಲವೂ ಮೀಟರು ನೋಡುತ್ತಿದ್ದೆ. ಕೊನೆಯ ಅಂಕಿ ಮೂರಕ್ಕೂ ನಾಲ್ಕಕ್ಕೂ ನಡುವೆ ಹಾಗೇ ಇರುತ್ತಿತ್ತು. ಮುಂದಕ್ಕೆ ಹೋದದ್ದು ಹಿಂದಕ್ಕೆ ಬಂದದ್ದರಲ್ಲಿ ವಜಾ ಆಯಿತು ಎಂದು ರತ್ನಳಿಗೆ ವಿವರಿಸಿದೆ. ಹಳೆಯ ಕಾಲದವರ ತಯಾರಿಕೆ ಎಷ್ಟು ಪ್ರಾಮಾಣಿಕ ನೋಡು ಎಂದೂ ಸೇರಿಸಿದೆ. ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, “ರೀ, ಕಾರು ನಮ್ಮನ್ನ ಹೊತ್ಕೊಂಡು ಹೋಗ್ಬೇಕು ಅಂತ ನಾನು ಅನ್ಕೊಂಡಿದ್ದೆ,” ಎಂದಳು.

ಇಷ್ಟರಲ್ಲಿ ಗೌರಿ ಹಬ್ಬ ಬಂತು. ಎಚ್.ಡಿ. ಕೋಟೆಯ ಹತ್ತಿರ ಒಂದು ಊರಿಗೆ ಕೊಟ್ಟಿರುವ ನನ್ನ ಅಕ್ಕ ಮಾದೇವಮ್ಮ ಹಬ್ಬಕ್ಕೆ ತವರಿಗೆ ಬರಬೇಕು, ಕರೆಯಬೇಕಾದವನು ನಾನು. ಅಪ್ಪ ಇದ್ದಾಗ ಅಪ್ಪನೇ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಆಮೇಲೆ ನಾನು ಬಸ್ಸಿನಲ್ಲಿ ಹೋಗಿ ಕರೆತರುತ್ತಿದ್ದೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಫೋನಿನಲ್ಲೇ ಕರೆದು ಮುಗಿಸುತ್ತಿದ್ದೆ. ಈ ಸಲವೂ ಫೋನು ಮಾಡಿ “ಬಸ್ಸು ಹತ್ತಿ ಬಂದುಬಿಡಕ್ಕ,” ಎಂದೆ.

“ಕಾರ್ ತಕ್ಕಂಡಿದ್ದೀಯಂತೆ,” ಎಂದಳು ಅಕ್ಕ.

“ಅದು ಓಡಿಸೋ ಕಾರಲ್ಲಕ್ಕ. ಇಟ್ಕೊಳ್ಳೋ ಕಾರು. ಬಸ್ಸು ಹೇಗೂ ಫ್ರೀ ಅಲ್ವಾ?”

“ಫ್ರೀ ಬಸ್ಸಲ್ಲಿ ಯಾರ್ ಮನೆಗೆ ಬೇಕಾದ್ರೂ ಓಗ್ಬೈದು ಕಣ್ಲಾ ಸಿವು. ತವರಿಗೆ ಓಗ್ಬೇಕಾದ್ರೆ ಕರ್ಕಂಡೋಗಕ್ಕೆ ಒಬ್ರು ಬರ್ಬೇಕು. ಕಾರಿಲ್ದೇ ಇದ್ದಾಗ ನಾನೇನಾರ ಕೇಳಿದ್ನಾ? ಇದ್ದೂ ಬರ್ನಿಲ್ಲ ಅಂದ್ರೆ ಏನನ್ಕಳದು? ಬುಡು, ಈ ವರ್ಸ ಇಲ್ಲೇ ಇರ್ತೀನಿ.”

ಫೋನು ಇಟ್ಟಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಸಮಾಧಾನವಾಗಿ ಇರುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ನನಗೆ ಊಟ ಸೇರಲಿಲ್ಲ. ಅವಳು ಬಾರದ ಗೌರಿ ಹಬ್ಬವನ್ನು ನಮ್ಮ ಮನೆ ಕಂಡೇ ಇರಲಿಲ್ಲ. ಬಾಡಿಗೆ ಕಾರು ಕಳಿಸಲೇ ಎಂದು ಯೋಚಿಸಿದೆ. ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆ ಕಾರು ಕಳಿಸಿದರೆ ಅವಳು ಅದರ ಡ್ರೈವರಿಗೆ ಕಾಫಿ ಕೊಟ್ಟು ವಾಪಸ್ ಕಳಿಸುತ್ತಾಳೆ ಎನ್ನುವುದು ಖಾತ್ರಿ. ಕುಮಾರನನ್ನು ಕೇಳಿದರೆ, “ಹಬ್ಬ ಮುಗಿದ ಕೂಡಲೇ ಆ ಕಾರು ಕೂಡಿಡೋರನ್ನ ಕರ್ಕೊಂಡು ಬರ್ತೀನಿ ಭಾವ, ಅಲ್ಲೀವರೆಗೂ ಮುಟ್ಟಬೇಡಿ,” ಎಂದ. ಕೊನೆಗೆ ನನಗೊಂದು ಉಪಾಯ ಹೊಳೆದು ರತ್ನಳ ಮುಂದಿಟ್ಟೆ: ಕಾರನ್ನು ಲಾರಿಯ ಮೇಲೆ ಅಕ್ಕನ ಊರಿನವರೆಗೆ ಒಯ್ದರೆ ಹೇಗೆ? ರತ್ನ ಸಾರಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ, “ಬರೋವಾಗ ಅತ್ತಿಗೇನೂ ಲಾರಿ ಮೇಲೇ ಕೂರಿಸ್ತೀರಾ?” ಎಂದಳು. ನಾನು ಎದ್ದು ಹೋಗಿ ಕಾರಿನ ಕೀ ಹುಡುಕಿದೆ.

ಹೊರಡುವಾಗ ನನ್ನ ಟವೆಲ್ಲನ್ನು ಮೀಟರಿನ ಮೇಲೆ ಮುಚ್ಚಿದೆ. ಅಂಕಿ ತಿರುಗುವುದನ್ನು ಕಣ್ಣಾರೆ ನೋಡುವ ಧೈರ್ಯ ನನಗಿರಲಿಲ್ಲ. ಆದರೂ ಗದ್ದಿಗೆ ಎಂಬ ಊರು ದಾಟುವವರೆಗೆ ಒಂದೊಂದು ಮೈಲಿಗಲ್ಲು ಬಂದಾಗಲೂ ಇಷ್ಟು ಖರ್ಚಾಯಿತೆಂದು ಬೆರಳು ಮಡಿಸುತ್ತಿದ್ದೆ. ಕಾರೋ, ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಖುಷಿ ಪಡಬೇಕೋ ದುಃಖ ಪಡಬೇಕೋ ತಿಳಿಯದೆ ಹಾರನ್ ಹೊಡೆದೆ.

ಅಕ್ಕ ಮುನಿಸಿಕೊಂಡವಳಂತೆ ಕಾಣಲೇ ಇಲ್ಲ. ಹೊಸ ಸೀರೆ ಉಟ್ಟು, ಬ್ಯಾಗು ತುಂಬಿಕೊಂಡು ಜಗಲಿಯ ಮೇಲೆ ಕೂತಿದ್ದಳು. ನಾನು ಬರುತ್ತೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, “ಸೀದಾ ಓಗ್ಬ್ಯಾಡ, ಮ್ಯಾಗಲ ಬೀದಿ ಮ್ಯಾಲಾಸಿ ನಡಿ,” ಎಂದಳು. ಮೇಲಿನ ಬೀದಿಯಾಯಿತು, ಓರಗಿತ್ತಿಯ ಮನೆಯ ಮುಂದಾಯಿತು, ಡೈರಿಯ ಮುಂದಾಯಿತು. ಎಲ್ಲ ಕಡೆಯೂ ಕಾರು ನಿಲ್ಲಿಸಿ, “ನನ್ ತಮ್ಮ ಬಂದದೆ, ಹಬ್ಬಕ್ಕೆ ಓಯ್ತಾ ಇವ್ನಿ,” ಎಂದು ಕೇಳದವರಿಗೂ ಹೇಳಿದಳು. ಕಿಲೋಮೀಟರು ಪೋಲಾಗುತ್ತಿದೆಯೆಂದು ನನ್ನ ಜೀವ ಒದ್ದಾಡುತ್ತಿತ್ತು. ಅವಳ ಮುಖ ನೋಡಿದರೆ ಇನ್ನೂ ಒಂದು ಬೀದಿ ಸುತ್ತೋಣವೆನಿಸುತ್ತಿತ್ತು. ಎರಡೂ ಒಂದೇ ಹೊತ್ತಿಗೆ ಆಗುತ್ತಿತ್ತು, ಅದೇ ಕಷ್ಟ.

ಹ್ಯಾಂಡ್‌ಪೋಸ್ಟ್ ಸರ್ಕಲ್ಲು ದಾಟಿ ಬಹಳ ದೂರ ಬಂದ ಮೇಲೆ ಅಕ್ಕನಿಗೆ ಸೆಕೆಯಾಯಿತು. ಮುಖ ಒರೆಸಿಕೊಳ್ಳಲೆಂದು ಮೀಟರಿನ ಮೇಲಿನ ಟವೆಲ್ಲನ್ನು ಎಳೆದುಕೊಂಡಳು. “ಇದ್ಯಾಕ್ಲಾ ಮುಚ್ಚಿದ್ದೆ? ದೃಷ್ಟಿ ಆಯ್ತದೆ ಅಂತಲಾ?” ಎಂದಳು. ನಾನು ಬೇಡಬೇಡವೆಂದರೂ ಕಣ್ಣು ಅತ್ತ ಹೋಯಿತು.

ಒಂಬತ್ತು ಸಾವಿರದ ಚಿಲ್ಲರೆ. ಕೊನೆಯ ಅಂಕಿ ಮೂರಕ್ಕೂ ನಾಲ್ಕಕ್ಕೂ ನಡುವೆ. ವೇಗದ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಕಿಟಕಿಯಾಚೆ ಮರಗಳು ಹಿಂದಕ್ಕೆ ಓಡುತ್ತಿದ್ದವು.

ಪಕ್ಕಕ್ಕೆ ನಿಲ್ಲಿಸಿದೆ. “ಅಕ್ಕ, ಮೀಟರು ಓಡ್ತಿಲ್ಲ.”

“ಮೀಟ್ರು ಓಡಿ ಏನಾಗ್ಬೇಕಾಗದೆ? ಕಾರ್ ಓಡ್ತಾ ಅದಲ್ಲ,” ಎಂದಳು ಅಕ್ಕ, ಕುತ್ತಿಗೆ ಒರೆಸಿಕೊಳ್ಳುತ್ತ.

ಅಲ್ಲಿಂದಲೇ ನಂಜಪ್ಪನವರಿಗೆ ಫೋನು ಮಾಡಿದೆ. ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ. “ಅಯ್ಯೋ ಸಾರ್, ಅದು ನಾನ್ ಸ್ಕೂಲಿಗೆ ಓಗೋ ಕಾಲ್ದಲ್ಲೇ ನಿಂತೋಗಿತ್ತು. ತಿರುಪತಿ, ಧರ್ಮಸ್ಥಳ ಅಂತ ಯೋಳುದ್ನಲ್ಲ, ನೀವು ಕೇಳಿಸ್ಕಂಡ್ರಿ ಅನ್ಕಂಡೆ. ಒಂಬತ್ತು ಸಾವ್ರ ಅಂತ ನೀವೇ ಅಂದ್ರಿ, ನಾನ್ ಅನ್ನಿಲ್ಲ. ಒಳಗೆ ಕೈ ಹಾಕಿ ನೋಡೋರು, ನಿಮಗೆ ಗೊತ್ತಿಲ್ದೇ ಇರ್ತದಾ ಅಂತ ಸುಮ್ಕಾದೆ.” ಅವರ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಬೇಲಿನ ಮೇಲಿನ ಸೊಪ್ಪನ್ನು ನೋಡಿ ದರ್ಜೆ ಹೇಳಿದವನು ನಾನೇ.

ಹಬ್ಬ ಚೆನ್ನಾಗಿ ಆಯಿತು. ಅಕ್ಕ ಬಂದವರಿಗೆಲ್ಲ ಕಾರು ತೋರಿಸಿ, ಕೊನೆಗೂ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದಳು. ಕುಮಾರನಿಗೆ ವಿಷಯ ತಿಳಿಸಿದೆ. “ಮೀಟರು ಅಷ್ಟೇ ತಾನೇ ತೋರಿಸೋದು, ಅವರಿಗೆ ಹೇಳಲೇಬೇಕಾ?” ಎಂದ. ನಂಜಪ್ಪನವರು ನನಗೆ ಹೇಳಿದಷ್ಟನ್ನಾದರೂ ಹೇಳಲೇಬೇಕಲ್ಲಪ್ಪ ಎಂದೆ. “ಹಾಗಾದರೆ ಭಾವ, ಮುಂದಿನ ವಾರ ನಮ್ಮ ಮಾವನ ಮನೆಗೆ ಹೋಗಬೇಕಿತ್ತು, ಕಾರು ಖಾಲಿ ಇದೆಯಾ?” ಎಂದು ಕೇಳಿದ.

ಹುಣಸೂರಿನ ಮೆಕ್ಯಾನಿಕ್ ಬಶೀರ್ ಭಾಯಿ ಕಾರಿನ ಕೆಳಗೆ ಮಲಗಿ ನೋಡಿ, ಮೀಟರಿನ ಕೇಬಲ್ಲು ತುಂಡಾಗಿದೆ, ಚಿಕ್ಕ ಕೆಲಸ ಎಂದರು. “ಕೂಡಿಸ್ಲಾ ಸಾರ್?” ಎಂದು ಕೇಳಿದರು. ನಾನು ಬಹಳ ಯೋಚಿಸಿದೆ. ಅಕ್ಕನನ್ನು ಊರಿಗೆ ಬಿಟ್ಟು ಬರಬೇಕಿತ್ತು. ದಾರಿಯಲ್ಲಿ ಅವಳು ಇನ್ನೆಷ್ಟು ಬೀದಿ ಸುತ್ತಿಸುತ್ತಾಳೋ. “ಬಿಟ್ಟು ಬಂದ ಮೇಲೆ ನೋಡೋಣ,” ಎಂದೆ. ಬಿಟ್ಟು ಬಂದ ಮೇಲೆ ಕೆ.ಆರ್. ನಗರದಲ್ಲಿ ಒಂದು ಮದುವೆ ಬಂತು, ಅದೂ ಮುಗಿಯಲಿ ಎಂದೆ. ಈಗ ಬಶೀರ್ ಭಾಯಿ ಕೇಳುವುದನ್ನು ಬಿಟ್ಟಿದ್ದಾರೆ. ಕೇಬಲ್ಲು ಕೂಡಿಸಿದರೆ ಮೀಟರು ಎಣಿಸಲು ಶುರುಮಾಡುತ್ತದೆ. ಅದು ಶುರುಮಾಡಿತೆಂದರೆ ನಾನೂ ಶುರುಮಾಡುತ್ತೇನೆ. ಬರುವ ಗೌರಿ ಹಬ್ಬಕ್ಕೆ ಅಕ್ಕನಿಗೆ ಫೋನು ಮಾಡಿ, ಬಸ್ಸು ಹೇಗೂ ಫ್ರೀ ಅಲ್ವಾ ಎಂದುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಲ್ಲ.