ಒದ್ದೆ ಪಂಚೆಯ ಸೀಕರಣೆ

ಶ್ರೀನಿವಾಸಪುರದಲ್ಲಿ ಮಾವಿನ ಸೀಸನ್ ಬಂತೆಂದರೆ ನಾನಿದ್ದ ಲ್ಯಾಬಿಗೂ ಸೀಸನ್ನೇ. ಹಣ್ಣು ಮಂಡಿಗೆ, ತಿಂದವರು ನಮ್ಮಲ್ಲಿಗೆ. ಪ್ರತಿ ವರ್ಷ ಒಂದಲ್ಲ ಒಂದು ತಮಾಷೆ ಆಗುತ್ತಲೇ ಇತ್ತು.

೧. ಡಬ್ಬಿ

ಒಂದು ಮದುವೆಯ ಊಟವಾದ ಮಾರನೇ ದಿನ ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ಸಾಲಾಗಿ ಬಂದರು. ವಾಂತಿ, ಭೇದಿ, ಜ್ವರ. ಮಲ ಪರೀಕ್ಷೆಗೆಂದು ಒಬ್ಬೊಬ್ಬರಿಗೂ ಸಣ್ಣ ಡಬ್ಬಿ ಕೊಟ್ಟೆ. ವರನ ಸೋದರಮಾವ ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದರು: "ಗಂಡಿನ ಕಡೆಯೋರಿಗೂ ಇಷ್ಟೇ ಸೈಜಾ?"

೨. ಪಂಕ್ತಿ

ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿತ್ತು. ಅನುಮಾನ ಮಾವಿನ ಹಣ್ಣಿನ ಸೀಕರಣೆ ಮೇಲೆ. ಬೆಳಿಗ್ಗೆ ಹಾಲು ಹಾಕಿ ಕಲಸಿದ್ದನ್ನು ಒಲೆ ಪಕ್ಕವೇ ಇಟ್ಟು ರಾತ್ರಿ ಬಡಿಸಿದ್ದರಂತೆ. ಅಡುಗೆ ಭಟ್ಟರು ಜಗಳಕ್ಕೇ ಬಂದರು.

"ತಲೆಗೆ ನೀರು ಹಾಕ್ಕೊಂಡು, ಒದ್ದೆ ಪಂಚೇಲಿ ಕಲಸಿದ್ದೀನಿ, ಅಮ್ಮಾಯಿ. ಯಾರನ್ನೂ ಮುಟ್ಟಿಲ್ಲ."

"ಕೈಗೆ ಸೋಪು?" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ಸೋಪು ಮಡಿಗೆ ಬರಲ್ಲ."

"ಫ್ರಿಜ್ಜು?"

"ಅದನ್ನ ಊರೋರೆಲ್ಲ ಮುಟ್ತಾರೆ."

ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: "ಮೈಗೆ ಮೈ ತಾಗಿಸ್ಕೊಂಡು ಕೂತವೆ. ಇವು ನಮ್ಮ ಪಂಕ್ತಿಯವಲ್ಲ."

೩. ಬೆರಳು

ಅದೇ ತಿಂಗಳು ನನ್ನ ನಿಶ್ಚಿತಾರ್ಥ. ಅಡುಗೆಗೆ ಅದೇ ಭಟ್ಟರು, ಸಿಹಿಗೆ ಅದೇ ಸೀಕರಣೆ.

"ಬೇಡಮ್ಮಾ, ಬಂದೋರು ಮಲಗಿಬಿಡ್ತಾರೆ" ಎಂದೆ.

"ಹುಡುಗನ ಅಜ್ಜಿ ಮುಳಬಾಗಿಲಿಂದ ಬರ್ತಿದಾರೆ. ಮಡಿ ಅಡುಗೆ ಬಿಟ್ರೆ ನೀರೂ ಮುಟ್ಟಲ್ಲ. ಲ್ಯಾಬಿನ ಮಾತು ಎತ್ತಿ ಸಂಬಂಧ ಕೆಡಿಸಬೇಡ ಕಣೇ" ಎಂದಳು ಅಮ್ಮ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಬೆರಳೆತ್ತದೆ ಮಾತಾಡಿ ಅಭ್ಯಾಸವಿಲ್ಲ. ಅಜ್ಜಿಗೋ ಎಂಬತ್ತು ದಾಟಿತ್ತು. ಆ ವಯಸ್ಸಿಗೆ ಭೇದಿ ಎಂದರೆ ಆಟವಲ್ಲ. ಬೆಳಗಿನಿಂದ ಬಿಸಿಲಿನ ಧಗೆಯಲ್ಲಿ ಕೂತಿದ್ದ ಸೀಕರಣೆಯನ್ನು ಊಟಕ್ಕೆ ಎತ್ತುವ ಹೊತ್ತಿಗೆ, ಬಂದವರನ್ನೆಲ್ಲ ಮುಟ್ಟಿಕೊಂಡು ಓಡಾಡಿದ್ದ ರೇಷ್ಮೆ ಸೀರೆಯಲ್ಲೇ ಅಡುಗೆಮನೆಗೆ ಹೋದೆ. ಕೊಳಗದ ಅಂಚಿಗೆ ಒಂದು ಬೆರಳು ತಾಗಿಸಿದೆ.

"ಅಯ್ಯೋ ಅಮ್ಮಾಯಿ, ಮೈಲಿಗೆ ಆಯ್ತಲ್ಲ" ಎಂದು ಭಟ್ಟರು ತಲೆ ಮೇಲೆ ಕೈ ಹೊತ್ತರು. ಕೊಳಗಕ್ಕೆ ಕೊಳಗವೇ ತೆಂಗಿನ ಬುಡಕ್ಕೆ ಹೋಯಿತು. ಭಟ್ಟರು ಮತ್ತೆ ತಲೆಗೆ ನೀರು ಹಾಕಿಕೊಂಡು, ಕುದಿಕುದಿಯುವ ಶ್ಯಾವಿಗೆ ಪಾಯಸವನ್ನು ಒಲೆಯಿಂದ ನೇರ ಎಲೆಗೆ ಬಡಿಸಿದರು. "ಇಂಗ್ಲಿಷ್ ಓದಿದ ಹುಡುಗಿ, ಆಚಾರ ಗೊತ್ತಿಲ್ಲ" ಎಂದು ಅಮ್ಮ ಎಲ್ಲರ ಮುಂದೆ ಕೈಮುಗಿದಳು. ಅಜ್ಜಿ ಎರಡು ಸಲ ಪಾಯಸ ಹಾಕಿಸಿಕೊಂಡರು.

ಮಾರನೇ ದಿನ ಒಬ್ಬರೂ ಡಬ್ಬಿ ಕೇಳಿಕೊಂಡು ಬರಲಿಲ್ಲ. ಭಟ್ಟರೇ ಬಂದರು, ಎದೆ ಸೆಟೆಸಿಕೊಂಡು.

"ನೋಡಿದ್ರಾ ಮಡಿ ಅಂದ್ರೆ ಏನು ಅಂತ? ನೀವು ಮುಟ್ಟಿದ್ದನ್ನ ಆ ಕ್ಷಣಾನೇ ಚೆಲ್ಲಿಸಿದೆ. ಅದಕ್ಕೇ ಒಬ್ಬರ ಹೊಟ್ಟೇನೂ ಕೆಡಲಿಲ್ಲ."