ಏಳನೆಯ ಸೀಟಿನ ಮುದುಕಿ

ನಿಜಾಮಸಾಬನ ಬಾಯಲ್ಲಿ ಎಲ್ಲ ಮಾತೂ ಬರುತ್ತಿತ್ತು, ‘ಇಲ್ಲ’ ಎನ್ನುವುದೊಂದನ್ನು ಬಿಟ್ಟು. ಬೈಲಹೊಂಗಲದಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ಈ ಪಾಪದ ಪ್ರಾಣಿ, ಹೆಂಡತಿಯೊಂದಿಗೆ ತಿರುಗಾಡಲೆಂದು ಏಳು ಸೀಟಿನ ದೊಡ್ಡ ಗಾಡಿ ಕೊಂಡ. ಕೊಂಡ ದಿನದಿಂದಲೇ ಅದು ಓಣಿಯ ಗಾಡಿಯಾಗಿ ಹೋಯಿತು. ಬಾಣಂತಿಯನ್ನು ತರಲೂ ಅದೇ, ಬೀಗರನ್ನು ಬಿಟ್ಟು ಬರಲೂ ಅದೇ. ಹೆಂಡತಿ ನೂರಬಿ ಮಾತ್ರ ಇನ್ನೂ ಅದರಲ್ಲಿ ಕೂತಿರಲಿಲ್ಲ.

“ನಾಳೆ ರಾಮದುರ್ಗಕ್ಕ ನಮ್ಮ ತಂಗಿ ಮನಿಗೆ ಕರಕೊಂಡು ಹೋಗ್ರಿ. ಇಲ್ಲಂದ್ರ ಆ ಗಾಡಿ ನಮ್ಮ ಬಾಗಲದಾಗ ನಿಂದ್ರಬಾರದು ನೋಡ್ರಿ,” ಎಂದು ಅವಳು ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದಳು. ಅವನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ರಾಯಪ್ಪ ಬಂದ.

“ನಿಜಾಮಣ್ಣ, ನಾಳೆ ಹುಣ್ಣಿಮಿ. ಎಲ್ಲವ್ವನ ಗುಡ್ಡಕ್ಕ ಹೊಂಟೇವಿ, ಗಾಡಿ ತಗಿ. ಡೀಸೆಲ್ ನೀ ಹಾಕಸು, ಭಂಡಾರ ನಾವು ಹಚ್ಚತೇವಿ.”

ಒಳಗಿನಿಂದ ನೂರಬಿಯ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು. ‘ಇಲ್ಲ’ ಬರಲಿಲ್ಲ, ಅದರ ಬದಲು ಸುಳ್ಳೊಂದು ಬಂತು.

“ಬ್ಯಾಡ ರಾಯಪ್ಪಣ್ಣ. ಕಡೀ ಸೀಟಿನ್ಯಾಗ ಯಾರೋ ಮುದುಕಿ ಕುಂತಿರತಾಳ. ಕನ್ನಡ್ಯಾಗ ಕಾಣತಾಳ, ತಿರುಗಿ ನೋಡಿದ್ರ ಇರಂಗಿಲ್ಲ.”

ರಾಯಪ್ಪ ಚಪ್ಪಲಿಯನ್ನೂ ಬಿಟ್ಟು ಓಡಿದ.

ಗೆದ್ದ ಖುಷಿ ಮಧ್ಯಾಹ್ನದ ತನಕವೂ ಉಳಿಯಲಿಲ್ಲ. ಓಣಿಯ ಹಿರಿಯಳು ಮುದಕವ್ವ ಬೇವಿನ ಸೊಪ್ಪು ಹಿಡಿದು ಬಂದು ಗಾಡಿಗೆ ನಿವಾಳಿಸಿದಳು. ಕಿಟಕಿಗೆ ಮೂಗು ಹಚ್ಚಿ, “ಹೌದೋ ತಮ್ಮಾ, ಕುಂತಾಳ,” ಎಂದಳು. ಯಾರೋ ಬಾನೆಟ್ಟಿನ ಮೇಲೆಯೇ ಕಾಯಿ ಒಡೆದು ತಗ್ಗು ಬೀಳಿಸಿದರು. ಇನ್ನೊಬ್ಬ ತನ್ನ ಕಳೆದುಹೋದ ಎಮ್ಮೆ ಎಲ್ಲಿದೆಯೆಂದು ಹಿಂದಿನ ಗಾಜಿಗೆ ಬಾಯಿಟ್ಟು ಕೇಳಿದ.

“ಆ ಗಾಡ್ಯಾಗ ನಾ ಕಾಲ ಇಡಂಗಿಲ್ಲ,” ಎಂದಳು ನೂರಬಿ.

“ಅದು ಸುಳ್ಳ! ನಾನ ಹುಟ್ಟಿಸಿ ಹೇಳಿದ್ದು!”

“ನೀವು ಸುಳ್ಳ ಹೇಳೂ ಮನಷ್ಯಾ ಅಲ್ಲ. ಇವತ್ತ ಮಾರಿ ಬರ್ರಿ.”

ಊರಲ್ಲಿ ಅದನ್ನು ಕೊಳ್ಳುವವರು ಯಾರೂ ಉಳಿದಿರಲಿಲ್ಲ. ಕಿತ್ತೂರಿನಲ್ಲಿ ಹಳೆ ಗಾಡಿಗಳ ವ್ಯಾಪಾರ ಮಾಡುವ ಪರಶುವಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಫೋನು ಮಾಡಿದರೆ, ಸಂಪಗಾಂವದ ಹತ್ತಿರ ಬಂದು ಗಾಡಿ ನೋಡುತ್ತೇನೆ ಎಂದ.

ಸಂಜೆ ನಿಜಾಮಸಾಬ ಒಬ್ಬನೇ ಹೊರಟ. ಊರು ದಾಟಿ ಕಬ್ಬಿನ ಹೊಲಗಳ ನಡುವೆ ಬಂದಾಗ ಹಿಂದಿನಿಂದ ಸಪ್ಪಳ ಕೇಳಿಸಿತು. ಕುಟ್, ಕುಟ್. ಸಣ್ಣ ಕಲ್ಲಿನಲ್ಲಿ ಯಾರೋ ಅಡಿಕೆ ಕುಟ್ಟಿದ ಹಾಗೆ. ಗಾಡಿ ನಿಲ್ಲಿಸಿದ, ಅದೂ ನಿಂತಿತು. ಹೊರಟ, ಅದೂ ಶುರುವಾಯಿತು. ಯಾರೋ ಇಟ್ಟುಹೋದ ತೆಂಗಿನಕಾಯಿ ಉರುಳುತ್ತಿರಬೇಕು ಎಂದುಕೊಂಡ. ಆದರೂ ಕೈ ತಾನಾಗಿಯೇ ಹೋಗಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿತು. ತನ್ನ ಸುಳ್ಳಿಗೆ ತಾನೇ ಹೆದರುವ ಸ್ಥಿತಿ ಶತ್ರುವಿಗೂ ಬೇಡ.

ಸಂಪಗಾಂವದ ಹತ್ತಿರ ಕಾದಿದ್ದ ಪರಶು ಒಬ್ಬನೇ ಗಾಡಿ ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದ. ಮುಖ ಅರಳಿತ್ತು.

“ಬೆಣ್ಣಿ ಇದ್ದಂಗ ಐತ್ರಿ ಗಾಡಿ. ನೀವು ಕೇಳಿದಷ್ಟ ಕೊಡತೇನಿ.”

ಕೀಲಿ ಕೈಬಿಟ್ಟಾಗ ನಿಜಾಮಸಾಬನಿಗೆ ಹೋದ ಜೀವ ಬಂದಂತಾಯಿತು. ಅಲ್ಲಾನನ್ನು ನೆನೆದು ಕಣ್ಣು ಮುಚ್ಚಿ ತೆರೆದ.

“ನಿಮ್ಮ ಮನಿ ಅಜ್ಜಿ ಭಾಳ ಛಲೋ ಬಿಡ್ರಿ,” ಎಂದ ಪರಶು. “ಹಿಂದ ಕುಂತು ಅಡಿಕಿ ಕುಟಗೋಂತ ಹಾದಿತುಂಬ ಮಾತಾಡಿದ್ರು.”

ಕುಟ್ಟುವ ಸಪ್ಪಳದ ವಿಷಯವನ್ನು ನಿಜಾಮಸಾಬ ಯಾರಿಗೂ ಹೇಳಿರಲಿಲ್ಲ.

“ಈಗ… ಈಗ ಎಲ್ಲಿ ಅದಾರ?”

“‘ಗಾಡಿ ನೀ ತಗೋ, ನಾ ಇನ್ನ ಮನೀಗೆ ಹೋಗತೇನಿ’ ಅಂದ್ರು. ಈಗರ ಆ ತಿರುವಿನ್ಯಾಗ ಬೈಲಹೊಂಗಲ ಬಸ್ಸಿಗೆ ಹತ್ತಿಸಿ ಬಂದೇನಿ.”

ದೂರದಲ್ಲಿ ಬಸ್ಸಿನ ಹಿಂದಿನ ದೀಪ ಇನ್ನೂ ಕಾಣುತ್ತಿತ್ತು. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ನೂರಬಿ.

“ಯಾರ್ರಿ ಈ ಮುದುಕಿ? ಒಳಗ ಬಂದು ಕುಂತಾಳ. ಅಡಿಕಿ ಕುಟ್ಟಾಕ ಕಲ್ಲ ಕೇಳಾಕ ಹತ್ತ್ಯಾಳ. ಮುಂಜಾನೆ ನೀವ ಆಕೀಗೆ ಜಾಗಾ ಕೊಟ್ಟೀರಂತ? ಇಲ್ಲೇ ಇಟಗೋಳೂದೇನು?”

ನಿಜಾಮಸಾಬ ಬಾಯಿ ತೆರೆದ. ‘ಇಲ್ಲ’ ಎನ್ನಬೇಕಿತ್ತು. ಬರಲಿಲ್ಲ.